ವಿಹುಯೆಲಾದ ಮೇಲಿನ ಕುಂಕುಮ

ಚಿನ್ಮಯಿ ಕುವೈತಿನ ಆಸ್ಪತ್ರೆಯ ಲ್ಯಾಬಿನಿಂದ ಮನೆಗೆ ಬಂದಾಗ ವಿಹುಯೆಲಾದ ಪೆಟ್ಟಿಗೆ ಮಂಚದ ಮೇಲೆ ತೆರೆದುಕೊಂಡು ಬಿದ್ದಿತ್ತು. ವಾದ್ಯ ಅದರಲ್ಲಿರಲಿಲ್ಲ. ಗಾಳಿಯ ತೇವ ತೋರಿಸುವ ಪುಟ್ಟ ಮೀಟರು ಖಾಲಿ ಪೆಟ್ಟಿಗೆಯ ತೇವವನ್ನು ನಿಷ್ಠೆಯಿಂದ ಅಳೆಯುತ್ತಿತ್ತು.

"ದೀಪೂ, ಇದನ್ನ ಯಾರು ತೆಗೆದಿದ್ದು?"

ಮಗಳು ಟ್ಯಾಬಿನಿಂದ ತಲೆಯೆತ್ತಲಿಲ್ಲ. "ಅಜ್ಜಿ. ಶಿ ಸೆಡ್ ನೋಬಡಿ ಶುಡ್ ಟಚ್ ಇಟ್ ನೌ. ಈವನ್ ಯೂ."

ಹಾಲಿನ ಮೂಲೆಯಲ್ಲಿ, ದೇವರ ಕಪಾಟಿನ ಮುಂದೆ, ಮಣೆಯ ಮೇಲೆ ಕೆಂಪು ರವಿಕೆ ಕಣ ಹಾಸಿತ್ತು. ಅದರ ಮೇಲೆ ದೀಪುವಿನ ಗಣಿತದ ಪುಸ್ತಕ, ಗಂಡ ಶ್ಯಾಮಸುಂದರನ ಪೈಪ್‌ಲೈನ್ ಎಂಜಿನಿಯರಿಂಗ್ ಕೈಪಿಡಿ, ಚಿನ್ಮಯಿಯ ಸೂಕ್ಷ್ಮಜೀವಿಶಾಸ್ತ್ರದ ದಪ್ಪ ಪುಸ್ತಕ. ಅವೆಲ್ಲವುಗಳ ಮೇಲೆ, ಗೋಡೆಗೆ ಒರಗಿಸಿದ ವಿಹುಯೆಲಾ. ಕುತ್ತಿಗೆಗೆ ಅಬ್ಬಾಸಿಯಾದ ಅಂಗಡಿಯಿಂದ ತಂದ ಮಲ್ಲಿಗೆಯ ದಂಡೆ. ಒಂದು ಬದಿಗೆ ಉರಿಯುವ ಎಣ್ಣೆಯ ದೀಪ. ಮುಂಭಾಗದ ಹಲಗೆಯಲ್ಲಿ, ಹೂವು ಸಿಕ್ಕಿಸಿದ ನಡುವಿನ ಜಾಲರಿಯ ಕೆಳಗೆ, ಬಣ್ಣವಾಗಲಿ ಮೆರುಗೆಣ್ಣೆಯಾಗಲಿ ಕಾಣದ ಬೋಳು ಮರದ ಮೇಲೆ, ಒದ್ದೆ ಕುಂಕುಮದ ಬೊಟ್ಟು. ಮರ ಅದನ್ನು ಆಗಲೇ ಹೀರಿಕೊಂಡಿತ್ತು.

ಅತ್ತೆ ನಾಗರತ್ನಮ್ಮ ಮಡಿಸೀರೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು.

"ಅತ್ತೆ, ಇದು..."

"ಇವತ್ತು ಮೂಲಾ ನಕ್ಷತ್ರ ಕಣೆ. ಸರಸ್ವತಿ ಆವಾಹನೆ. ಮರೆತೇ ಹೋಯ್ತಾ ನಿಂಗೆ?"

"ನಾಡಿದ್ದು ಸಂಜೆ ನನ್ನ ಕಛೇರಿ ಇದೆ."

"ಕಛೇರಿ!" ಆ ಮಾತನ್ನು ಅವರು ಹೂಬತ್ತಿಯಂತೆಯೇ ಬೆರಳ ನಡುವೆ ಹೊಸೆದರು. "ನಾಡಿದ್ದು ಉತ್ತರಾಷಾಢ. ಶ್ರವಣಾ ಬರೋದು ಅದರ ಮಾರನೇ ದಿನ. ಅವತ್ತು ವಿಸರ್ಜನೆ ಆದ ಮೇಲೆ ತಗೋ. ಯಾರು ಬೇಡ ಅಂದ್ರು?"

"ಹೋದ ವರ್ಷ ಬರೀ ಪುಸ್ತಕ ಇಟ್ಟಿದ್ರಿ."

"ಹೋದ ವರ್ಷ ಇದನ್ನ ಗಿಟಾರು ಅನ್ಕೊಂಡಿದ್ದೆ. ನೀನೇ ಅಲ್ವೇನೇ ಹೇಳಿದ್ದು, ಗಿಟಾರಲ್ಲ ಅತ್ತೆ, ಐನೂರು ವರ್ಷದ ಹಿಂದಿನ ವಾದ್ಯ, ಸ್ಪೇನಿನ ರಾಜರ ಮುಂದೆ ನುಡಿಸ್ತಿದ್ರು ಅಂತ? ಅಂಥಾ ವಾದ್ಯಾನ ಮಂಚದ ಕೆಳಗೆ ತಳ್ಳಿ ಇಡೋದಾ? ಗೌರವ ಕೊಟ್ಟೆ. ತಪ್ಪಾಯ್ತಾ?"

"ಅತ್ತೆ, ದಯವಿಟ್ಟು. ನಾನು ನಿಧಾನಕ್ಕೆ ತಗೋತೀನಿ."

"ನೀನು ಅದನ್ನ ಕದಲಿಸಿದ್ರೆ ವಿಸರ್ಜನೆವರೆಗೂ ನಾನು ನೀರೂ ಮುಟ್ಟಲ್ಲ. ಶುಗರ್ ಮಾತ್ರೆ ಏನಾಗುತ್ತೆ ಅಂತ ಲ್ಯಾಬಿನೋಳು ನೀನೇ ಯೋಚನೆ ಮಾಡು."

ಚಿನ್ಮಯಿ ಆದರೂ ಕೈ ಚಾಚಿದಳು. ಬೆರಳುಗಳು ವಾದ್ಯದಿಂದ ಒಂದು ಗೇಣು ದೂರದಲ್ಲೇ ನಿಂತುಬಿಟ್ಟವು. ಅವಳಿಗೆ ಸಿಟ್ಟು ಬಂದದ್ದು ಅದಕ್ಕೆ. ನಿಲ್ಲಿಸಿದ್ದು ಅತ್ತೆಯ ಬೆದರಿಕೆಯಾಗಿರಲಿಲ್ಲ.

ಮೈಸೂರಿನಲ್ಲಿ ಅವಳು ಹತ್ತು ವರ್ಷದ ಹುಡುಗಿಯಾಗಿ ವೀಣೆ ಕಲಿಯಲು ಹೋಗುತ್ತಿದ್ದದ್ದು ಇದೇ ನಾಗರತ್ನಮ್ಮನವರ ಮನೆಗೆ. ಆಗ ಅವರು ಅತ್ತೆಯಲ್ಲ, ಮೇಡಂ. ನವರಾತ್ರಿಯ ಈ ದಿನಗಳಲ್ಲಿ ನಡುಮನೆಯ ಮಣೆಗಳ ಮೇಲೆ ವಾದ್ಯಗಳು ಸಾಲಾಗಿ ಮಲಗಿರುತ್ತಿದ್ದವು. ಒಬ್ಬ ಹುಡುಗಿಯೂ ಅವನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಬೆರಳಿನಿಂದ ವಿದ್ಯೆ ಇಳಿದುಹೋಗುತ್ತದೆ ಎಂದು ಮೇಡಂ ಹೇಳಿದ್ದರು. ಮುಂದೆ ಎಂ.ಎಸ್ಸಿ. ಮಾಡಿದ ಮೇಲೆ ಚಿನ್ಮಯಿ ಆ ಮಾತನ್ನು ನಂಬುತ್ತಿರಲಿಲ್ಲ. ಬೆರಳುಗಳು ಎಂ.ಎಸ್ಸಿ. ಮಾಡಿರಲಿಲ್ಲ.

ಅವಳು ಮೇಡಂನ ಅತ್ಯುತ್ತಮ ಶಿಷ್ಯೆ. ಅವಳ ಓದು ಮುಗಿಯುವ ಹೊತ್ತಿಗೆ ನಾಗರತ್ನಮ್ಮನವರ ಬೆರಳ ಗೆಣ್ಣುಗಳು ಸಂಧಿವಾತದಿಂದ ಗಂಟುಕಟ್ಟಿ, ತಂತಿ ಎಳೆಯಲಾಗದಂತಾದವು. ಅದೇ ವರ್ಷ ಅವರು ಕುವೈತಿನಲ್ಲಿದ್ದ ಮಗನಿಗೆ ಅವಳನ್ನು ಕೇಳಿಕೊಂಡು ಬಂದರು. ಮದುವೆಯಾಗಿ ಹೊರಟಾಗ ವೀಣೆ ಮಾತ್ರ ಮೈಸೂರಿನಲ್ಲೇ ಉಳಿಯಿತು. "ಮರಳುಗಾಡಿನ ಗಾಳಿಗೆ ಹಲಸಿನ ಮರ ಸೀಳಿಹೋಗುತ್ತೆ. ರಜಕ್ಕೆ ಬಂದಾಗ ನುಡಿಸು, ನಾನು ಕೇಳ್ತೀನಿ," ಎಂದಿದ್ದರು. ಪ್ರತಿ ವರ್ಷ ಬೇಸಿಗೆಯ ರಜೆಯಲ್ಲಿ ಚಿನ್ಮಯಿ ಅವರೊಬ್ಬರಿಗಾಗಿ ನುಡಿಸಿದಳು. ಮದುವೆಯಾದ ಮೇಲೆ ಅವಳು ಒಂದೇ ಒಂದು ವೇದಿಕೆಯನ್ನೂ ಹತ್ತಲಿಲ್ಲ.

ವಿಹುಯೆಲಾ ಸಿಕ್ಕಿದ್ದು ಕ್ಯಾಥರಿನ್‌ಳಿಂದ. ಕ್ಯಾಥರಿನ್ ಅದೇ ಆಸ್ಪತ್ರೆಯ ನರ್ಸು, ಮಂಗಳೂರಿನವಳು, ಚರ್ಚಿನ ಹಾಡುಗಾರ್ತಿ. ಅವಳ ಗಂಡ ಆಗಸ್ಟಿನ್‌ನದು ಕಟ್ಟಡಗಳಿಗೆ ಧ್ವನಿವರ್ಧಕ ಜೋಡಿಸುವ ಕೆಲಸ. ಅಷ್ಟೂ ಧ್ವನಿವರ್ಧಕಗಳ ಮೇಲಿನ ಸೇಡೋ ಎಂಬಂತೆ ಅವನು ಹಳೆಯ ಸ್ಪೇನಿನ ಮತ್ತು ಅಲ್ಲಿದ್ದ ಮೂರಿಶ್ ಅರಬರ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಮೈಕಿಲ್ಲದೆ ನುಡಿಸುವ ಸಣ್ಣ ತಂಡ ಕಟ್ಟಿದ್ದ. ಅವನು ಅರಬರ ಊದ್ ವಾದ್ಯವನ್ನು ಹದ್ದಿನ ಗರಿಯಿಂದ ಮೀಟುತ್ತಿದ್ದ. ಚಿನ್ಮಯಿಯ ಪಾಲಿಗೆ ಬಂದದ್ದು ವಿಹುಯೆಲಾ. ಸಣ್ಣ ಸೊಂಟದ, ಹಗುರವಾದ, ಗಿಟಾರಿನಂತೆ ಕಾಣುವ ವಾದ್ಯ, ಹಳೆಯ ಚಿತ್ರಗಳನ್ನು ನೋಡಿ ಇತ್ತೀಚೆಗೆ ಮಾಡಿದ ಪ್ರತಿಕೃತಿ. ಅದಕ್ಕೆ ಜೋಡಿ ಜೋಡಿಯಾಗಿ ತಂತಿಗಳು, ಮೊದಲನೆಯದು ಮಾತ್ರ ಒಂಟಿ, ಎಲ್ಲಕ್ಕಿಂತ ಸಣ್ಣದು. ಹಳೆಯ ಕೈಪಿಡಿಗಳ ಸೂಚನೆ ಸರಳ: ಮೊದಲ ತಂತಿಯನ್ನು ಕಡಿಯದೆ ಎಷ್ಟು ತಡೆಯುತ್ತದೋ ಅಷ್ಟು ಬಿಗಿ, ಉಳಿದವನ್ನು ಅದಕ್ಕೆ ಹೊಂದಿಸು. ಆ ಗೆರೆಯ ಈಚೆಗೆ ನಿಂತು ನುಡಿಸಬೇಕು.

ನಾಡಿದ್ದು, ಶನಿವಾರ ಸಂಜೆ, ಕುವೈತ್ ಸಿಟಿಯ ಒಂದು ಸಣ್ಣ ಸಭಾಂಗಣದಲ್ಲಿ ಕಛೇರಿ. ರಬೇಲ್ ಎಂಬ ಪುಟ್ಟ ಕಮಾನುವಾದ್ಯ ನುಡಿಸುವ ಹಿರಿಯ ಕಲಾವಿದೆಯೊಬ್ಬರು ಅದಕ್ಕೆಂದೇ ಸ್ಪೇನಿನಿಂದ ಬಂದಿದ್ದರು. ಕಾರ್ಯಕ್ರಮದ ನಡುವೆ ಚಿನ್ಮಯಿ ಒಬ್ಬಳೇ ಒಂದು ನಿಧಾನಗತಿಯ ತುಣುಕನ್ನು ನುಡಿಸಬೇಕಿತ್ತು. ಹನ್ನೊಂದು ವರ್ಷಗಳ ನಂತರ ಒಂದು ವೇದಿಕೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಶ್ಯಾಮಸುಂದರ ಬಂದು, ಶೂ ಬಿಚ್ಚುತ್ತಲೇ ಎಲ್ಲ ಕೇಳಿಸಿಕೊಂಡ.

"ಅಮ್ಮನ ಹತ್ರ ನೀನೇ ಮಾತಾಡು. ನಿಮ್ಮಿಬ್ಬರ ಸಂಗೀತ ನಂಗೆ ಯಾವತ್ತು ಅರ್ಥ ಆಗಿದೆ? ಬೇರೆ ಗಿಟಾರ್ ಇಸ್ಕೊಳ್ಳಕ್ಕಾಗಲ್ವಾ? ಸಾಲ್ಮಿಯಾ ತುಂಬಾ ಅಂಗಡಿ ಇದಾವೆ."

"ಇದು ಗಿಟಾರಲ್ಲ, ಶ್ಯಾಮ್."

"ಸರಿ, ಅದೇನೋ ಒಂದು. ಎರಡು ದಿನಕ್ಕೋಸ್ಕರ ಮನೇಲಿ ಯುದ್ಧ ಬೇಡ. ಖಲಾಸ್."

ಚಿನ್ಮಯಿ ಬಾಲ್ಕನಿಗೆ ಹೋಗಿ ಆಗಸ್ಟಿನ್‌ಗೆ ಫೋನು ಮಾಡಿದಳು. ಅವನು ಮೊದಲು ನಕ್ಕ.

"ಎಂತ ಹೇಳ್ತೀರಿ ಮಾರಾಯ್ರೇ? ನಮ್ಮ ಚರ್ಚಿನಲ್ಲಾದ್ರೆ ಫಾದರ್ ಪವಿತ್ರ ನೀರು ಚಿಮುಕಿಸಿ ವಾಪಸ್ ಕೊಡ್ತಾರೆ. ನಿಮ್ಮ ದೇವರು ಜಪ್ತಿ ಮಾಡುದಾ?" ಆಮೇಲೆ ನಗು ನಿಲ್ಲಿಸಿದ. "ನೋಡಿ, ಶನಿವಾರ ಮಧ್ಯಾಹ್ನ ರಿಹರ್ಸಲ್ ಉಂಟು. ನೀವು ಇಲ್ಲಾಂದ್ರೆ ಆ ಪೀಸ್ ನಾನೇ ಊದಿನಲ್ಲಿ ನುಡಿಸ್ತೇನೆ. ಬೇಜಾರು ಮಾಡ್ಬೇಡಿ. ಅಷ್ಟು ದೂರದಿಂದ ಬಂದವರನ್ನು ಕೂರಿಸಿ ನಿಮ್ಮ ನಕ್ಷತ್ರ ಎಣಿಸ್ಲಿಕ್ಕೆ ಆಗುದಿಲ್ಲ."

ಕ್ಯಾಥರಿನ್ ಫೋನು ಕಿತ್ತುಕೊಂಡಳು. "ಚಿನ್ಮಯಿ, ತಂತಿ ಎಂತದ್ದು ಅಂತ ನಿಮ್ಮ ಅತ್ತೆಗೆ ಗೊತ್ತುಂಟಾ? ಗೊತ್ತಾದ್ರೆ ಅವರೇ ಅದನ್ನು ಬಾಲ್ಕನಿಯಿಂದ ಕೆಳಗೆ ಬಿಸಾಡ್ತಾರೆ. ನೀವು ಕೆಳಗೆ ನಿಂತು ಹಿಡ್ಕೊಳ್ಳಿ, ಆಯ್ತಲ್ಲ!"

ಅದು ತಮಾಷೆಯ ಮಾತು. ಚಿನ್ಮಯಿ ಅದನ್ನು ಒಳಗೆ ತಂದು, ಊಟ ಬಡಿಸುತ್ತ, ಪಾತ್ರೆ ತೊಳೆಯುತ್ತ ತಿರುಗಿಸಿ ತಿರುಗಿಸಿ ನೋಡಿದಳು.

ತಂತಿಗಳು ಕುರಿಯ ಕರುಳಿನವು. ಕುತ್ತಿಗೆಯ ಮೇಲೆ ಸ್ವರಸ್ಥಾನ ತೋರಿಸುವ ಮೆಟ್ಟಿಲುಗಳೂ ಕರುಳಿನ ಎಳೆಯನ್ನು ಸುತ್ತಿ ಗಂಟು ಹಾಕಿದವೇ. ಒಂದೂವರೆ ವರ್ಷದ ಹಿಂದೆ, ಮಾವ ತೀರಿಕೊಂಡು ನಾಗರತ್ನಮ್ಮ ಕುವೈತಿಗೆ ಬಂದಾಗ, ಇದು ಯಾವ ತಂತಿಯೆಂದು ಕೇಳಿದ್ದರು. "ಒಂಥರಾ ಪ್ಲಾಸ್ಟಿಕ್ ದಾರ, ಅತ್ತೆ," ಎಂದು ಅವಳು ಹೇಳಿದ್ದಳು. ಕ್ಯಾಪ್ಸೂಲಿನ ಜೆಲಟಿನ್ ಹೊದಿಕೆ ದನದ ಚರ್ಮದಿಂದ ಮಾಡಿದ್ದೆಂದು ತಿಳಿದಾಗ ಮಾತ್ರೆಯನ್ನೇ ಬಿಟ್ಟವರು ಅವರು. ಸತ್ಯ ಹೇಳಿದರೆ ವಾದ್ಯ ಮಣೆಯ ಮೇಲೆ ಒಂದು ಕ್ಷಣವೂ ಉಳಿಯುವುದಿಲ್ಲ. ಇಷ್ಟರ ಮಟ್ಟಿಗೆ ಫಲಿತಾಂಶದ ಬಗ್ಗೆ ಅನುಮಾನವಿರಲಿಲ್ಲ.

ಆದರೆ ಅವರೊಬ್ಬರಿಗೇ ಹೇಳಿದರೆ, ಯಾರಿಗೂ ಗೊತ್ತಿಲ್ಲವಲ್ಲ ಎಂದು ನುಂಗಿಕೊಂಡು ಹಟ ಸಾಧಿಸಬಹುದು. ಸಾಕ್ಷಿಗಳು ಬೇಕು. ಮರುದಿನ ಶುಕ್ರವಾರ ಸಂಜೆ ಭಜನಾ ಮಂಡಳಿಯ ಹೆಂಗಸರು ಕುಂಕುಮಕ್ಕೆ ಬರುವವರಿದ್ದರು. ಕುವೈತಿನಲ್ಲಿ ನಾಗರತ್ನಮ್ಮನವರಿಗೆ ಇದ್ದ ಒಡನಾಟ ಆ ಹೆಂಗಸರದ್ದು ಮಾತ್ರ. ವಿಧವೆಯೆಂದು ನೋಡದೆ, ಹಿರಿಯರೆಂದು ಅವರ ಕೈಯಿಂದಲೇ ಕುಂಕುಮ ಇಡಿಸಿಕೊಳ್ಳುತ್ತಿದ್ದವರೂ ಆ ಹೆಂಗಸರೇ. ಭಾಷೆ ಬಾರದ ಊರಿನಲ್ಲಿ, ಲಿಫ್ಟಿನ ಬಟನ್ ಒತ್ತಲೂ ಹೆದರುವ ಅವರು ವಾರವಿಡೀ ಶುಕ್ರವಾರಕ್ಕಾಗಿ ಕಾಯುತ್ತಿದ್ದರು. ಆ ಶುಕ್ರವಾರಗಳು ಇದರಿಂದ ಹೋಗಿಬಿಡಬಹುದು. ಚಿನ್ಮಯಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ಲೆಕ್ಕ ಅವಳಿಗೆ ಹಿಡಿಸಿತು.

ಮರುದಿನ ಸಂಜೆ ಹೆಂಗಸರು ಬಂದರು. ಕುಕ್ಕರಿನ ಬಗ್ಗೆ, ಶಾಲೆಯ ಬಸ್ಸಿನ ಬಗ್ಗೆ, ಯಾರದೋ ವಾಸದ ಪರವಾನಗಿ, ಇಕಾಮಾ, ನವೀಕರಣವಾಗದ ಬಗ್ಗೆ ಮಾತಾಡುತ್ತ ಹಾಲಿನಲ್ಲಿ ಕುಳಿತರು. ಹಾಡು ಹೇಳಿದರು. ಮಂಗಳಾರತಿಯಾಯಿತು. ಶ್ಯಾಮಸುಂದರ ದೂರದಿಂದ ಬಂದಿದ್ದ ಇಬ್ಬರನ್ನು ಬಿಟ್ಟುಬರಲು ಕಾರಿನ ಕೀಲಿ ಹಿಡಿದು ಆಗಲೇ ಕೆಳಗಿಳಿದಿದ್ದ. ನಾಗರತ್ನಮ್ಮ ಸುಲೈಬಿಯಾದ ತೋಟದ ಎಳೆಸೌತೆ ಹಾಕಿದ ಕೋಸಂಬರಿಯನ್ನು ತಾವೇ ಬಡಿಸಿದರು. ಅವರ ಮುಖದಲ್ಲಿ ತಮ್ಮ ಹಳೆಯ ನಡುಮನೆ ಮತ್ತೆ ಸಿಕ್ಕವರ ಕಳೆಯಿತ್ತು.

ಉಡುಪಿಯ ಕಡೆಯ ಆಶಾಲತಾ ಮಣೆಯತ್ತ ಬಾಗಿ ನೋಡಿದಳು. "ಇದೆಂತ ಅಕ್ಕ, ವೀಣೆಯಾ? ಬುರುಡೆ ಎಲ್ಲಿ ಹೋಯ್ತು?"

"ನಮ್ಮ ಸೊಸೇದು. ಸ್ಪೇನ್ ದೇಶದ ವೀಣೆ ಅಂತ ಇಟ್ಕೊಳಿ," ಎಂದರು ನಾಗರತ್ನಮ್ಮ. "ಗಮಕ ಇಲ್ಲ, ಎಳೆಯೋದಿಲ್ಲ, ಟಿಂಗು ಟಿಂಗು ಅಂತ ಉಪ್ಪಿಲ್ಲದ ಸಾರು. ಆದ್ರೂ ಮಗು ಆಸೆಪಟ್ಟು ಇಟ್ಕೊಂಡಿದೆ. ಇರ್ಲಿ, ದೇವಿ ಅದಕ್ಕೂ ಒಂದಿಷ್ಟು ಬುದ್ಧಿ ಕೊಡಲಿ ಅಂತ ಇಟ್ಟೆ."

ಹೆಂಗಸರು ನಕ್ಕರು. ಚಿನ್ಮಯಿಯೂ ನಕ್ಕಳು.

"ತಂತಿ ಯಾವುದರದ್ದು ಅಂತ ಕೇಳಲ್ವಾ ಆಶಕ್ಕ?"

"ಯಾವುದರದ್ದು?"

"ಕುರಿ ಕರುಳು."

ಯಾರೋ ಚಮಚವನ್ನು ಕೆಳಗಿಟ್ಟ ಸದ್ದಾಯಿತು. ಚಿನ್ಮಯಿ ಲ್ಯಾಬಿಗೆ ಬರುವ ಹೊಸಬರಿಗೆ ವಿವರಿಸುವ ದನಿಯಲ್ಲಿ ಮುಂದುವರಿಸಿದಳು. "ಸಣ್ಣ ಕರುಳನ್ನ ಬಿಸಿಯಾಗಿರೋವಾಗ್ಲೇ ತೆಗೀತಾರೆ. ಒಳಗಿನ ಲೋಳೆ, ಮೇಲಿನ ಕೊಬ್ಬು ಎರಡನ್ನೂ ಕೆರೆದು ಹಾಕ್ತಾರೆ. ನಡುವೆ ಒಂದು ಪೊರೆ ಉಳಿಯುತ್ತೆ. ಅದನ್ನ ಕ್ಷಾರದ ನೀರಲ್ಲಿ ನೆನೆಸಿ, ಹುರಿ ಮಾಡಿ, ಎಳೆದು ಒಣಗಿಸಿದ್ರೆ ಇದು. ಆ ನಡುವಿನ ಜಾಲರಿ ಇದೆಯಲ್ಲ, ಹೂವು ಸಿಕ್ಕಿಸಿದ್ದಾರೆ ನೋಡಿ, ಅದು ಮೇಕೆ ಚರ್ಮ. ಹಲಗೆ ಅಂಟಿಸಿರೋದು ಚರ್ಮ ಬೇಯಿಸಿದ ಗೋಂದು."

"ನಾವು ಮೀನು ತಿನ್ನುವವರು, ನಮಗೆಂತ!" ಎಂದು ಆಶಾಲತಾ ನಗಲು ನೋಡಿದಳು. ಜೊತೆಗೆ ಯಾರೂ ನಗಲಿಲ್ಲ.

ಚಿನ್ಮಯಿ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮಗೆ ಗರ್ಭಕೋಶದ ಆಪರೇಷನ್ ಆಯ್ತಲ್ಲ, ಆ ಕಾಲದಲ್ಲಿ ಒಳಗೆ ಹೊಲೀತಿದ್ದದ್ದೂ ಇಂಥದ್ದೇ ದಾರ. ಅದು ಅಲ್ಲೇ ಕರಗಿ ಮೈಗೆ ಸೇರಿಹೋಗುತ್ತೆ. ಮಡಿ ಉಟ್ಟು ನೀವು ಹೊತ್ತು ತಿರುಗ್ತಿರೋದೂ ಅದನ್ನೇ."

ಹೆಂಗಸರು ಏಳತೊಡಗಿದರು. ಒಬ್ಬಳಿಗೆ ಮಗುವಿನ ಹೋಂವರ್ಕ್ ನೆನಪಾಯಿತು, ಮತ್ತೊಬ್ಬಳಿಗೆ ಗಂಡ ಕೆಳಗೆ ಕಾಯುತ್ತಿರುವುದು. ಕುಂಕುಮ ಕೊಡಲು ನಾಗರತ್ನಮ್ಮ ಎದ್ದಾಗ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರ ಹೆಂಡತಿ ಹಣೆಯನ್ನು ತುಸು ಹಿಂದಕ್ಕೆ ತೆಗೆದುಕೊಂಡಳು. ಅದನ್ನು ಎಲ್ಲರೂ ನೋಡಿದರು. ಆಶಾಲತಾ ಮಾತ್ರ ಹಣೆಯೊಡ್ಡಿ, ಎಲ್ಲರಿಗಿಂತ ಕೊನೆಗೆ ಹ್ಞೂಂ ಅಲ್ಲ, ಊಹೂಂ ಅಲ್ಲ ಎನ್ನುವಂಥ ಒಂದು ಸದ್ದು ಮಾಡಿ ಹೋದಳು. ಚಾಪೆಯ ಮೇಲೆ ಕೋಸಂಬರಿಯ ತಟ್ಟೆಗಳು ಉಳಿದವು.

ನಾಗರತ್ನಮ್ಮ ಕುಳಿತು, ತಮ್ಮ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ತಿನ್ನತೊಡಗಿದರು. ಅವಸರವಿಲ್ಲದೆ, ಕೊನೆಯ ಕಾಳಿನವರೆಗೆ ತಿಂದರು.

"ನಂಗೊತ್ತಿತ್ತು," ಎಂದರು.

ಚಿನ್ಮಯಿ ಅವರತ್ತ ತಿರುಗಿದಳು.

"ಬಂದ ವಾರದಲ್ಲೇ ಮುಟ್ಟಿ ನೋಡಿದ್ದೆ. ಪ್ಲಾಸ್ಟಿಕ್ ಅಂತೆ! ಜೀವಮಾನ ತಂತಿ ಮುಟ್ಟಿದೋಳಿಗೆ. ಒದ್ದೆ ಬೆರಳಲ್ಲಿ ಸವರಿದ್ರೆ ಅಂಟುತ್ತೆ, ಮೂಸಿದ್ರೆ ಗೊತ್ತಾಗುತ್ತೆ. ಅಲ್ವೇ, ಮೃದಂಗದ ಮುಚ್ಚಿಗೆ ಏನು ಬಾಳೆಎಲೇನಾ? ನಮ್ಮನೇಲಿ ವೀಣೆ ಸಾಲಿನ ಪಕ್ಕ ಮೃದಂಗ ಇರ್ತಿರಲಿಲ್ವಾ? ಅದಕ್ಕೂ ಕುಂಕುಮ ಇಡ್ತಿದ್ದೋಳು ನೀನೇ. ಅದನ್ನ ಮರೆತು ಪರೀಕ್ಷೆಗೆ ಬಂದ್ಯಾ?"

ಚಿನ್ಮಯಿಗೆ ನೆನಪಾಯಿತು. ಮೃದಂಗದ ಬಿಗಿದ ಚರ್ಮದ ಅಂಚಿಗೆ ಉಂಗುರಬೆರಳಿನಿಂದ ಬೊಟ್ಟಿಟ್ಟದ್ದು, ಚರ್ಮ ಬೆರಳಿಗೆ ಸಣ್ಣಗೆ ಮಿಡಿದದ್ದು. ಮಾತ್ರೆಯ ಚರ್ಮ ಬೇರೆ, ನಾದದ ಚರ್ಮ ಬೇರೆ ಎಂಬುದನ್ನು ಆ ಮನೆಯಲ್ಲಿ ಬೆಳೆದ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವಳು ಲೆಕ್ಕ ಹಾಕಿದ್ದಳು.

"ಹಾಗಾದ್ರೆ ಅವರ ಮುಂದೆ ಯಾಕೆ ಹೇಳಲಿಲ್ಲ?"

"ಹೇಳಿ? ಅವರಿಗೆ ಮೃದಂಗ ಅಂದ್ರೆ ಫೋನಲ್ಲಿ ಬರೋ ಸದ್ದು. ಆಮೇಲೆ, ಅವರು ಎದ್ದಿದ್ದು ಕುರಿ ಕರುಳಿಗಲ್ಲ. ಸೊಸೆ ಬಾಯಲ್ಲಿ ನನ್ನ ಹೊಟ್ಟೆ ಒಳಗಿಂದು ಕೇಳಬೇಕಾಯ್ತಲ್ಲ, ಅದಕ್ಕೆ."

"ಎಲ್ಲಾ ಗೊತ್ತಿದ್ದೂ ಯಾಕೆ ಇಟ್ರಿ? ಕಛೇರಿ ದಿನಾನೇ ನೋಡಿ ಯಾಕೆ ಇಟ್ರಿ?"

ನಾಗರತ್ನಮ್ಮ ತಮ್ಮ ಎಡಗೈಯನ್ನು ದೀಪದ ಬೆಳಕಿಗೆ ಹಿಡಿದರು. ಗೆಣ್ಣುಗಳು ಶುಂಠಿಯ ಬೇರಿನಂತಿದ್ದವು. "ಇದು ಹೋದಾಗ ನಿನ್ನ ಕೈಯನ್ನ ಮನೆಗೆ ತಂದ್ಕೊಂಡೆ. ನನ್ನ ಮಗನಿಗೆ ನಿನಗಿಂತ ಚೆಂದದೋರು, ಇರೋರ ಮನೆಯೋರು ಬಂದಿದ್ರು. ಬೇಡ ಅಂದೆ. ಆ ಕೈಯನ್ನ ನೀನು ಯಾರ್ಯಾರದೋ ವೇದಿಕೆಗೆ ಹೊತ್ಕೊಂಡು ಹೋಗ್ತೀನಿ ಅಂದ್ರೆ ನಾನು ಆರತಿ ಎತ್ತಿ ಕಳಿಸ್ಬೇಕಾ?"

ನಾಗರತ್ನಮ್ಮ ಅಕ್ಷತೆ ಹಿಡಿದು ಮಂತ್ರ ಹೇಳಿ, ಮಣೆಯನ್ನು ಉತ್ತರದ ಕಡೆಗೆ ಒಂದಿಷ್ಟು ಸರಿಸಿದರು. ಪೂಜೆ ಮುಗಿಸುವ ಕ್ರಮ ಅದು. ಶ್ರವಣಾ ನಕ್ಷತ್ರಕ್ಕೆ ಇನ್ನೂ ಎರಡು ದಿನವಿತ್ತು.

"ಕದಲಿಸಿದೀನಿ. ತಗೋ."

"ಈಗ ಆಗುತ್ತಾ?"

"ಈ ಮನೇಲಿ ಆಗುತ್ತೆ ಅನ್ನೋಳು ನಾನು, ಆಗಲ್ಲ ಅನ್ನೋಳೂ ನಾನೇ. ಆದ್ರೆ ಬರೀ ಕೈಯಲ್ಲಿ ಎತ್ಕೊಂಡು ಹೋಗ್ಬೇಡ. ಒಂದ್ಸಲ ನುಡಿಸಿ ಒಪ್ಪಿಸು. ಇಷ್ಟು ದಿನ ಬಾಗಿಲು ಹಾಕ್ಕೊಂಡು ನುಡಿಸ್ದೆ. ನಾನೂ ಕೇಳ್ಬೇಡ್ವಾ?"

ಚಿನ್ಮಯಿ ವಾದ್ಯವನ್ನೆತ್ತಿದಳು. ಮರ ಒಂದು ಬದಿಗೆ ಬೆಚ್ಚಗಿತ್ತು. ಮೊದಲ ತಂತಿಯನ್ನು ಮುಟ್ಟಿದಾಗಲೇ ಅವಳಿಗೆ ತಿಳಿಯಿತು: ಒಂದು ಬದಿಗೆ ದೀಪದ ಕಾವು, ಇನ್ನೊಂದು ಬದಿಗೆ ಎ.ಸಿ.ಯ ಒಣಗಾಳಿ, ಎಳೆ ಪೆಡಸಾಗಿದೆ. ಶ್ರುತಿಯನ್ನು ತುಸು ಇಳಿಸಿಕೊಳ್ಳಬಹುದಿತ್ತು. ಆದರೆ ಅವರ ಎದುರಿಗೆ ಕುಳಿತು ಇಳಿಸಿದ ಶ್ರುತಿಯಲ್ಲಿ ನುಡಿಸಲು ಅವಳಿಗೆ ಮನಸ್ಸಾಗಲಿಲ್ಲ. ನಾಳೆ ನುಡಿಸಬೇಕಾದ ಎತ್ತರಕ್ಕೇ ತಂದಳು.

ನಾಳಿನ ತುಣುಕನ್ನೇ ನುಡಿಸಿದಳು. ಎರಡು ದನಿಗಳ ಸಂಗೀತ ಅದು. ಒಂದು ದನಿ ಹೇಳಿದ್ದನ್ನು ಇನ್ನೊಂದು ತುಸು ತಡವಾಗಿ, ಕೆಳಗಿನ ಸ್ಥಾಯಿಯಲ್ಲಿ ಹೇಳುತ್ತ ಹೋಗುತ್ತದೆ. ಯಾವ ಸ್ವರವೂ ಅಲುಗುವುದಿಲ್ಲ. ಮೀಟಿದ ಕ್ಷಣದಲ್ಲಿ ಹುಟ್ಟಿ, ಇದ್ದಲ್ಲೇ ಇದ್ದು, ಇದ್ದಲ್ಲೇ ಆರುತ್ತದೆ. ಉಕ್ಕಿನ ತಂತಿಯ ಹೊಳಪು ಕರುಳಿಗಿಲ್ಲ. ಅದರ ದನಿ ಒಣಮಣ್ಣಿನಂತೆ, ಹತ್ತಿರದ ಮನುಷ್ಯನ ಮಾತಿನಂತೆ. ಚಿನ್ಮಯಿ ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ. ಅರ್ಧ ದಾರಿಯಲ್ಲಿ ತಲೆಯೆತ್ತಿ ನೋಡಿದಾಗ ನಾಗರತ್ನಮ್ಮ ಕಣ್ಣು ಮುಚ್ಚಿದ್ದರು. ಕೈ ತೊಡೆಯ ಮೇಲೆ ತಾಳ ಹುಡುಕುವುದನ್ನು ಬಿಟ್ಟು ಸುಮ್ಮನಿತ್ತು.

ಕೊನೆಯ ಸ್ವರ ಮೊದಲ ತಂತಿಯ ಮೇಲೆ, ಎತ್ತರದ ಮೆಟ್ಟಿಲಿನಲ್ಲಿ.

"ಚಿನ್ನೂ." ಕಣ್ಣು ತೆರೆಯದೆ ಕರೆದರು. ಮದುವೆಯಾದಂದಿನಿಂದ ಅವರು ಆ ಹೆಸರಿನಿಂದ ಕರೆದಿರಲಿಲ್ಲ. "ಚೆನ್ನಾಗಿದೆ ಕಣೆ. ತುಂಬಾ ಚೆನ್ನಾಗಿದೆ. ಆ ಕೊನೇ ಸ್ವರ ಮತ್ತೊಂದ್ಸಲ. ಸ್ವಲ್ಪ ಎಳಿ. ಒಂದೇ ಒಂದು ಸಲ."

ವೀಣೆಯಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು ಒಂದೇ ಜಾಗದಿಂದ ಮೂರು ನಾಲ್ಕು ಸ್ವರ ತೆಗೆಯುತ್ತಾರೆ. ಉಕ್ಕು ಅದನ್ನು ತಡೆದುಕೊಳ್ಳುತ್ತದೆ. ಅಂಚಿನವರೆಗೆ ಬಿಗಿದ ಕರುಳು ತಡೆಯುವುದಿಲ್ಲ. ಎಷ್ಟು ತಡೆಯುವುದಿಲ್ಲ ಎಂಬುದನ್ನು ಚಿನ್ಮಯಿ ಕಾಗದದ ಮೇಲೆ ಬರೆದು ತೋರಿಸಬಲ್ಲವಳಾಗಿದ್ದಳು. ಆದರೆ ಕೇಳಿದ್ದು ಮೇಡಂ, ಕೇಳಿದ್ದು ಬೆರಳನ್ನು. ಬೆರಳು ಎಳೆಯಿತು.

ಅರ್ಧ ಸ್ವರದಷ್ಟು ಮೇಲೇರುವವರೆಗೆ ಅದು ನಿಜವಾಗಿಯೂ ಸೊಗಸಾಗಿತ್ತು. ಆಮೇಲೆ ತಂತಿ ಕಡಿಯಿತು. ತುದಿ ಚಾವಟಿಯಂತೆ ಬಂದು ಅವಳ ಮಣಿಕಟ್ಟಿನ ಮೇಲೆ ಗೆರೆ ಎಳೆಯಿತು.

ನಾಗರತ್ನಮ್ಮ ಕಣ್ಣು ತೆರೆದರು.

"ಅದು ತಡೆಯಲ್ಲ ಅಂತ ನಂಗೊತ್ತಿತ್ತು," ಎಂದರು. "ನೀನು ಎಳೀತೀಯ ಅಂತ ಮಾತ್ರ ಗೊತ್ತಿರಲಿಲ್ಲ."

ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದರು.

ಪೆಟ್ಟಿಗೆಯಲ್ಲಿ ಹೊಸ ತಂತಿಯಿತ್ತು. ಚಿನ್ಮಯಿ ಅದನ್ನು ಆಗಲೇ ಕಟ್ಟಿದಳು. ಹೊಸ ಕರುಳು ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಬಿಗಿದಷ್ಟೂ ಶ್ರುತಿ ಇಳಿಯುತ್ತದೆ. ಅವಸರದಿಂದ ಬಿಗಿದರೆ ಕಡಿಯುತ್ತದೆ. ಕಾಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ, ಮತ್ತು ಕಾಯಲು ಶನಿವಾರದ ಬೆಳಗು ಮಾತ್ರ ಇತ್ತು.

ರಿಹರ್ಸಲಿನಲ್ಲಿ ಅವಳ ತುಣುಕಿನ ನಾಲ್ಕನೆಯ ಸಾಲು ಮುಗಿಯುವ ಮುನ್ನವೇ ಮೊದಲ ತಂತಿ ಇಳಿಯಿತು. ಬಿಗಿದು ಮತ್ತೆ ಆರಂಭಿಸಿದಳು. ಮತ್ತೆ ಇಳಿಯಿತು. ಸ್ಪೇನಿನ ಕಲಾವಿದೆ ಒಳ್ಳೆಯವರು. ಮೂರನೆಯ ಸಲ ಅವಳು ತಂತಿ ಬಿಗಿಯುವ ಬಿರಡೆಗೆ ಕೈಯಿಟ್ಟಾಗ ಅವರು ಮೆಲ್ಲಗೆ ಅವಳ ತೋಳು ಮುಟ್ಟಿ, ಕರುಳಿನ ತಂತಿ ಯಾರ ಮಾತನ್ನೂ ಕೇಳುವುದಿಲ್ಲ, ಇದು ಎಲ್ಲರಿಗೂ ಆಗಿದೆ ಎಂದರು. ಹಲಗೆಯ ಮೇಲಿನ ಕೆಂಪು ಕಲೆಯನ್ನು ಬೆರಳಿನಿಂದ ಸವರಿ, ಇದು ನಿಮ್ಮ ಕಡೆಯ ಸಂಪ್ರದಾಯವೇ, ಬಹಳ ಸುಂದರವಾಗಿದೆ ಎಂದರು. ಆಮೇಲೆ ಆಗಸ್ಟಿನ್ ಕಡೆ ತಿರುಗಿ ತಲೆಯಾಡಿಸಿದರು.

"ನೀವು ಕೆಳಗಿನ ತಂತಿಗಳಲ್ಲಿ ನಮಗೆ ಆಧಾರ ಕೊಡಿ, ಸಾಕು," ಎಂದ ಆಗಸ್ಟಿನ್, ಅವಳ ಮುಖ ನೋಡದೆ. "ಮೇಲಿಂದು ಮುಟ್ಲೇ ಬೇಡಿ. ಪೀಸ್ ನಾನು ನೋಡ್ಕೊಳ್ತೇನೆ."

ಸಂಜೆ ನಾಗರತ್ನಮ್ಮ ತಾವೂ ಬರುವುದಾಗಿ ಹಟ ಹಿಡಿದು, ಜರಿಸೀರೆಯುಟ್ಟು, ದೀಪುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು. ಸಭಾಂಗಣ ತುಂಬಿತ್ತು. ಸ್ಪೇನಿನ ಗ್ರಾನಡಾದಿಂದ ಹೊರಹಾಕಿಸಿಕೊಂಡವರು ಸಮುದ್ರದಾಚೆಗೆ ಒಯ್ದ ಹಾಡೊಂದನ್ನು ಕ್ಯಾಥರಿನ್ ದನಿ ನಡುಗಿಸದೆ, ನೇರವಾಗಿ ಹಾಡಿದಳು. ಚರ್ಮದ ತಪ್ಪಡಿ ಹಿಂದಿನಿಂದ ನಡೆದುಬಂದಂತೆ ನುಡಿಯಿತು. ಚಿನ್ಮಯಿ ಹೇಳಿದ ಜಾಗದಲ್ಲಿ ಹೇಳಿದ ಸ್ವರ ಮೀಟಿದಳು. ಅದು ಯಾರಿಗೂ ಕೇಳುವಂತಿರಲಿಲ್ಲ.

ಆಗಸ್ಟಿನ್ ಅವಳ ತುಣುಕನ್ನು ಊದಿನಲ್ಲಿ ನುಡಿಸಿದ. ಊದಿಗೆ ಮೆಟ್ಟಿಲುಗಳಿಲ್ಲ. ಬೆರಳು ಬೋಳು ಮರದ ಮೇಲೆ ಜಾರುತ್ತದೆ. ಕೊನೆಯ ಸ್ವರವನ್ನು ಅವನು ಕೆಳಗಿನಿಂದ ಜಾರಿಸಿ ತಂದು, ಮೇಲೆ ತುಸು ತೂಗಿ ಬಿಟ್ಟ. ಮುಂದಿನ ಸಾಲಿನಲ್ಲಿ ನಾಗರತ್ನಮ್ಮ "ಆಹಾ" ಎಂದದ್ದು ವೇದಿಕೆಯವರೆಗೆ ಕೇಳಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಅವರು ಒಳಗೆ ಬಂದು ಆಗಸ್ಟಿನ್‌ಗೆ ಕೈ ಮುಗಿದರು. "ನಿಮ್ಮ ಕೈಯಲ್ಲಿ ಗಮಕ ಇದೆಯಪ್ಪ. ಈ ಹುಡುಗಿ ನನ್ನ ಶಿಷ್ಯೆ. ಇದರ ಕೈಯೂ ಚೆನ್ನಾಗಿತ್ತು ಒಂದು ಕಾಲದಲ್ಲಿ."

ಕಾರಿನಲ್ಲಿ ದೀಪು ಹಿಂದಿನ ಸೀಟಿನಿಂದ ಕೇಳಿದಳು: "ಅಮ್ಮಾ, ವೆನ್ ವಾಸ್ ಯುವರ್ ಪಾರ್ಟ್? ಡಿಡ್ ಐ ಮಿಸ್ ಇಟ್?"

"ಇಲ್ಲ ಪುಟ್ಟಾ," ಎಂದರು ನಾಗರತ್ನಮ್ಮ. "ನೀನು ಏನೂ ಮಿಸ್ ಮಾಡಲಿಲ್ಲ."

ಮುಂದಿನ ವಾರ ಆಶಾಲತಾ ಫೋನು ಮಾಡಿ, ಇನ್ನು ಭಜನೆ ಅಬ್ಬಾಸಿಯಾದಲ್ಲೇ ಮಾಡುವುದೆಂದು ತೀರ್ಮಾನವಾಗಿದೆ, ಅಲ್ಲಿಗೆ ಅಕ್ಕನಿಗೆ ದೂರವಾಗುತ್ತದಲ್ಲ, ಆಮೇಲೆ ಹೇಳುತ್ತೇನೆ ಎಂದಳು. ಆಮೇಲೆ ಹೇಳಲಿಲ್ಲ. ಆಗಸ್ಟಿನ್ ಚಳಿಗಾಲದ ಕಛೇರಿಗೆ ದುಬೈಯಿಂದ ಒಬ್ಬ ವಾದಕನನ್ನು ಕರೆಸಿಕೊಂಡ. ಚಿನ್ಮಯಿಗೆ ಅದನ್ನು ತಿಳಿಸಿದ್ದು ಕ್ಯಾಥರಿನ್, ಲಿಫ್ಟಿನಲ್ಲಿ, ಬೇರೆ ಮಾತಿನ ನಡುವೆ.

ಈಗಲೂ ಶುಕ್ರವಾರ ಸಂಜೆ ನಾಗರತ್ನಮ್ಮ ತಲೆ ಬಾಚಿಕೊಂಡು, ಒಗೆದ ಸೀರೆಯುಟ್ಟು ಹಾಲಿನ ಸೋಫಾದಲ್ಲಿ ಕುಳಿತುಕೊಳ್ಳುತ್ತಾರೆ. ಯಾರೂ ಬರುವುದಿಲ್ಲ. ಅದೇ ಹೊತ್ತಿಗೆ ಚಿನ್ಮಯಿ ಪೆಟ್ಟಿಗೆಯನ್ನು ಕೋಣೆಯಿಂದ ಹಾಲಿಗೆ ತರುತ್ತಾಳೆ. ಈಗ ಅವಳು ಬಾಗಿಲು ಹಾಕಿಕೊಂಡು ನುಡಿಸುವುದಿಲ್ಲ. ಅತ್ತೆಯ ಎದುರಿನ ಕುರ್ಚಿಯಲ್ಲೇ ಕುಳಿತು, ಈಗ ಪೂರ್ತಿ ಪಳಗಿದ ತಂತಿಯನ್ನು ಅಂಚಿನವರೆಗೆ ಬಿಗಿದು, ಅದೇ ತುಣುಕನ್ನು ಆರಂಭದಿಂದ ನುಡಿಸುತ್ತಾಳೆ. ಕುಂಕುಮದ ಕಲೆ ಹಲಗೆಯ ಮೇಲೆ ಹಾಗೇ ಇದೆ. ತೆಗೆಸಬಹುದಿತ್ತು, ತೆಗೆಸಲಿಲ್ಲ.

ಕೊನೆಯ ಸ್ವರ ಬಂದಾಗ ಅವಳು ಅದನ್ನು ಮೀಟಿ, ಬೆರಳನ್ನು ಕಲ್ಲಿನಂತೆ ಒತ್ತಿ ಹಿಡಿಯುತ್ತಾಳೆ. ಸ್ವರ ಒಂದು ಕೂದಲಿನಷ್ಟೂ ಅಲುಗದೆ, ಇದ್ದಲ್ಲೇ ಇದ್ದು ಆರುತ್ತದೆ. ಎದುರಿಗೆ, ಸೀರೆಯ ನೆರಿಗೆಯ ಮೇಲೆ, ಗಂಟುಕಟ್ಟಿದ ಒಂದು ಬೆರಳು ನೋವನ್ನು ಲೆಕ್ಕಿಸದೆ ಅಡ್ಡಕ್ಕೆ ಎಳೆಯುತ್ತಿರುತ್ತದೆ.

ಚಿನ್ಮಯಿ ಆ ಬೆರಳನ್ನೇ ನೋಡುತ್ತಾಳೆ. ಅದು ಎಳೆದು ಎಳೆದು ಸೋತು ನಿಲ್ಲುವವರೆಗೆ ಕಾಯುತ್ತಾಳೆ. ನಂತರ ಮತ್ತೆ ಮೊದಲಿನಿಂದ ಆರಂಭಿಸುತ್ತಾಳೆ.